ಮೊಟ್ಟೆ ಟ್ರೇಯಲ್ಲಿ ಬಿಜಯಂಗೈದಿರುವ ಎಂಟು ಟ್ಯಾಪೆಟ್ಟುಗಳ ಸನ್ನಿಧಿಗೆ

ಇವರಿಗೆ:
ಟ್ಯಾಪೆಟ್ ಮಹಾಶಯರು, ಒಂದನೆಯವರಿಂದ ಎಂಟನೆಯವರವರೆಗೆ,
ಮೊಟ್ಟೆ ಟ್ರೇ, ಊಟದ ಮೇಜು, ನಮ್ಮ ಮನೆ.

ಮಾನ್ಯರೇ,

ಪಾದವೆಂದು ಹೇಳಿಕೊಳ್ಳಲು ತಮಗಿರುವುದು ಒಂದೊಂದೇ ನುಣುಪಾದ ತಳವಾದ್ದರಿಂದ, ಆ ತಳಕ್ಕೇ ಈ ಮನೆಯೊಡತಿಯ ಅನಂತ ನಮಸ್ಕಾರಗಳು. ನಮ್ಮ ಯಜಮಾನರ ಐವತ್ತೆಂಟು ವರ್ಷದ ಕಾರಿನ ಎಂಜಿನ್ನಿನಲ್ಲಿ, ಕ್ಯಾಮ್ ಶಾಫ್ಟಿನ ಉಬ್ಬುಗಳ ಮೇಲೆ ಕುಳಿತು ವಾಲ್ವುಗಳನ್ನು ಎತ್ತಿ ಇಳಿಸುವ ಘನಕಾರ್ಯದಿಂದ ಬಿಡುವು ಪಡೆದು ತಾವು ನಮ್ಮ ಊಟದ ಮೇಜಿಗೆ ದಯಮಾಡಿಸಿ ಇಂದಿಗೆ ಹನ್ನೊಂದು ತಿಂಗಳು. ಅಂದಿನಿಂದ ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ.

ನನ್ನನ್ನು ಮದುವೆಯಾಗಲು ಅರ್ಧ ಗಂಟೆಯಲ್ಲಿ ಒಪ್ಪಿದ ಮನುಷ್ಯ, ಸವೆದುಹೋದ ತಮ್ಮೆಂಟು ಜನರ ಜಾಗಕ್ಕೆ ಯಾರು ಯೋಗ್ಯರೆಂದು ನಿರ್ಧರಿಸಲು ಹತ್ತು ತಿಂಗಳು ನಿದ್ದೆಗೆಟ್ಟರು. ಎಣ್ಣೆಯ ಒತ್ತಡದಿಂದ ಸದ್ದಿಲ್ಲದೆ ಕೆಲಸ ಮಾಡುವ ಆಧುನಿಕ ಟ್ಯಾಪೆಟ್ಟುಗಳನ್ನು, ಈ ಎಂಜಿನ್ನಿನಲ್ಲಿ ಅವಕ್ಕೆ ಎಣ್ಣೆ ಹೋಗುವ ದಾರಿಯೇ ಇಲ್ಲವೆಂದು ತಳ್ಳಿಹಾಕಿದರು. ಹೊಸ ಗಟ್ಟಿ ಟ್ಯಾಪೆಟ್ಟುಗಳನ್ನು ತರಿಸಿ, ಲೋಹ ಹೊಂದುವುದೋ ಇಲ್ಲವೋ ಎಂದು ಅನುಮಾನಪಟ್ಟು ಹಿಂದಿರುಗಿಸಿದರು. ಕೊನೆಗೆ ಮೆಕ್ಯಾನಿಕ್ ಉಸ್ತಾದರ ಮಾತಿಗೆ ತಲೆಬಾಗಿ ತಮ್ಮನ್ನೇ ಮರುನೇಮಕ ಮಾಡಿದರು. "ಹಳೇ ಕ್ಯಾಮಿಗೆ ಹಳೇ ಟ್ಯಾಪೆಟ್ಟೇ ಸರಿ. ಆದ್ರೆ ಯಾವುದು ಎಲ್ಲಿತ್ತೋ ಅಲ್ಲೇ ಕೂರ್ಬೇಕು. ಜೊತೇಲೇ ಸವೆದಿರ್ತವೆ, ಜಾಗ ಬದಲಾದ್ರೆ ಕ್ಯಾಮನ್ನೇ ತಿಂದ್ಹಾಕ್ತವೆ" ಎಂಬುದು ಅವರ ಅಪ್ಪಣೆ. ಅದಕ್ಕೇ ಯಜಮಾನರು ಟ್ರೇಯ ಗುಳಿಗಳಿಗೆ ಒಂದರಿಂದ ಎಂಟರವರೆಗೆ ಸಂಖ್ಯೆ ಬರೆದು ತಮ್ಮನ್ನು ಕೂರಿಸಿದ್ದರಂತೆ.

ಮಾನ್ಯರೇ, ಈ ಅಪ್ಪಣೆ ನನ್ನ ಕಿವಿಗೆ ಬಿದ್ದದ್ದು ನಿನ್ನೆ. ತಮಗೆ ಪಾತ್ರೆ ತೊಳೆಯುವ ಸೋಪಿನಲ್ಲಿ ಮಂಗಳಸ್ನಾನ ಮಾಡಿಸಿದ್ದು ಮೊನ್ನೆ. ಇಪ್ಪತ್ತೆಂಟು ವರ್ಷ ಗ್ರಂಥಾಲಯದಲ್ಲಿ ಒಂದು ಪುಸ್ತಕವನ್ನೂ ತಪ್ಪು ಕಪಾಟಿಗೆ ಸೇರಿಸದ ನಾನು, ಒರೆಸಿದ ಮೇಲೆ ತಮ್ಮನ್ನು ಹೊಳಪಿನ ಪ್ರಕಾರ ಜೋಡಿಸಿದೆ: ಥಳಥಳ ಹೊಳೆಯುವವರು ಮೊದಲು, ಮಂಕಾದವರು ಕೊನೆಗೆ. ನೋಡಲು ತುಂಬ ಚೆನ್ನಾಗಿತ್ತು. ಯಜಮಾನರೂ ಇವತ್ತು ಬೆಳಿಗ್ಗೆ ನೋಡಿ, "ಎಷ್ಟು ಫಳಫಳ ಅಂತಿದಾವೆ ನೋಡೇ!" ಎಂದು ಹಿಗ್ಗಿದರು.

ನಾಳೆ ಹತ್ತು ಗಂಟೆಗೆ ಎಂಜಿನ್ ಕೂರಿಸಲು ಉಸ್ತಾದರು ಬರುತ್ತಾರೆ. ಹೀಗೇ ಕೂರಿಸಿದರೆ, ಎಲ್ಲಿ ಹುಡುಕಿದರೂ ಇನ್ನೊಂದು ಸಿಗದ ಆ ಕ್ಯಾಮ್ ಹಾಳಾಗುತ್ತದೆ. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಹೊತ್ತು ಮುಳುಗುವುದರೊಳಗೆ ಎದ್ದು, ತಂತಮ್ಮ ಹಳೆಯ ಗುಳಿಗಳನ್ನು ಗುರುತು ಹಿಡಿದು, ತಳ್ಳಾಟವಿಲ್ಲದೆ ಸಾಲಾಗಿ ಹೋಗಿ ಕೂರಬೇಕೆಂದು ಪ್ರಾರ್ಥಿಸುತ್ತೇನೆ. ಅದಾಗದಿದ್ದರೆ ತಮ್ಮಲ್ಲಿ ಹಿರಿಯರೊಬ್ಬರು ಬಾಯಿಬಿಟ್ಟು ಯಜಮಾನರಿಗೆ ನಿಜ ಹೇಳಿದರೂ ಸಾಕು.

ನನಗೆ ಹೇಳಲು ಬಾಯಿ ಬರುತ್ತಿಲ್ಲ. ಬೈಯುತ್ತಾರೆಂಬ ಭಯವಲ್ಲ, ಬೈದರೆ ತಿರುಗಿ ಬೈಯುವಷ್ಟು ಅಭ್ಯಾಸ ನನಗಿದೆ. ಬೈಯದೆ, ಟ್ರೇಯನ್ನೇ ನೋಡುತ್ತ ಸುಮ್ಮನೆ ಕೂತುಬಿಡುತ್ತಾರಲ್ಲ, ಅದನ್ನು ನೋಡಲಾರೆ. ನಾಲ್ಕು ವರ್ಷದ ಹಿಂದೆ ನಾನು ಲೈಸೆನ್ಸ್ ಮಾಡಿಸಿಕೊಂಡು ಸ್ಟೇರಿಂಗ್ ಕೇಳಿದಾಗ, "ಇದು ನಂಗೊಬ್ಬನಿಗೇ ಒಗ್ಗಿರೋ ಗಾಡಿ ಕಣೇ, ನೀನು ಪಕ್ಕದಲ್ಲೇ ಕೂತ್ಕೋ" ಎಂದವರು ಅವರು. ಆ ಗಾಡಿಯ ಮೇಲೆ ಅವರಿಗೆ ಅಷ್ಟು ಪ್ರಾಣ.

ಎಂಟು ಜನರಿಗೂ ಒಟ್ಟಿಗೇ ಅಪರಾಧಿಯಾಗಿರುವ,
ತಮ್ಮ ವಿಶ್ವಾಸಿ,
ಪಕ್ಕದ ಸೀಟಿನವಳು

ತಾ.ಕ.: ಈ ಪತ್ರವನ್ನು ಎಂಟನೆಯವರ ಅಡಿಯಲ್ಲಿ, ಯಜಮಾನರ ಕಣ್ಣಿಗೆ ಬೀಳುವಂತೆ ಇಟ್ಟಿದ್ದೇನೆ. ಯಾರದೋ ಮನೆಯ ಕಥೆಯೆಂಬಂತೆ ಉಸ್ತಾದರನ್ನು ಕೇಳಿದೆ: ಕ್ಯಾಮನ್ನು ಸಾಣೆಗೆ ಕೊಟ್ಟು, ಅದಕ್ಕೆ ಹೊಂದುವ ಹೊಸ ಟ್ಯಾಪೆಟ್ಟುಗಳನ್ನೇ ಹಾಕಬೇಕಂತೆ. ಅವನ್ನು ಆರಿಸಲು ಯಜಮಾನರು ಇನ್ನೂ ಹನ್ನೊಂದು ತಿಂಗಳು ತೆಗೆದುಕೊಳ್ಳಲಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಹಾಗೆ ಮಾಡಿದರೆ ಗಾಡಿ ಎಲ್ಲರಿಗೂ ಹೊಸದಾಗಿಯೇ ಒಗ್ಗಬೇಕಂತೆ. ಅದಕ್ಕೇ, ಕಾರಿನ ಕೀಲಿ ಎಲ್ಲಿತ್ತೋ ಅಲ್ಲಿಲ್ಲ. ನನ್ನ ಕೈಚೀಲದಲ್ಲಿದೆ.