ಇಂಗ್ಲಿಷಿನಿಂದ ಇಂಗ್ಲಿಷಿಗೆ

ಒಂದು ಭಾಷೆ ಕೈಗೆ ಬರುವುದಕ್ಕೂ ಬಾಯಿಗೆ ಬರುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಅಂಕಪಟ್ಟಿಯಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ನನ್ನ ಅಂಕಪಟ್ಟಿಯನ್ನು ನೋಡಿ ಯಾರೂ ಮೋಸಹೋಗುತ್ತಿರಲಿಲ್ಲ, ಮುಖ್ಯವಾಗಿ ನಾನು. ಹೊನ್ನಾವರದ ಕಾಲೇಜಿನಲ್ಲಿ ನಾನು ಐಚ್ಛಿಕ ಇಂಗ್ಲಿಷ್ ಓದಿದವಳು. 'ಬಿಗ್' ಎಂದು ಬರೆಯುವಲ್ಲಿ 'ಜೈಗ್ಯಾಂಟಿಕ್' ಎಂದು ಬರೆಯದಿದ್ದರೆ ಅಂದು ನನಗೆ ಊಟ ರುಚಿಸುತ್ತಿರಲಿಲ್ಲ. ಮಳೆಗಾಲದ ಬಗ್ಗೆ ನಾನು ಬರೆದ ಪ್ರಬಂಧವನ್ನು ಮೇಷ್ಟ್ರು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ಚೆನ್ನಾಗಿದೆ. ಆದರೆ ಮಳೆ ಬಂತೋ ಇಲ್ಲವೋ ಗೊತ್ತಾಗಲಿಲ್ಲ" ಎಂದರು. ಮೊದಲನೆಯ ಮಾತನ್ನು ಮಾತ್ರ ನಾನು ಮನೆಯಲ್ಲಿ ಹೇಳಿದೆ.

ಮನೆ ಇದ್ದದ್ದು ಮಂಕಿಯಲ್ಲಿ. ಅಪ್ಪ ಬೋಟಿಗೆ ಹೋಗುತ್ತಿದ್ದ, ಆಯಿ ಮೀನು ಮಾರುತ್ತಿದ್ದಳು. ಕಾಲೇಜಿನ ಕಾದಂಬರಿಗಳಲ್ಲಿ ಬರುವ ಜನರಿಗೆಲ್ಲ ಸದಾ ಚಳಿ. ಕುಟುಂಬ ಸಮೇತ ಬೆಂಕಿಯ ಮುಂದೆ ಕೂತು ಅವರು ಮೈ ಕಾಯಿಸಿಕೊಳ್ಳುತ್ತಿದ್ದರೆ, ನಾನು ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದೇ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. ಒಮ್ಮೆ 'ಮ್ಯಾಕೆರೆಲ್' ಎಂಬ ಪದ ಸಿಕ್ಕಿತು. ನಿಘಂಟು ಅದನ್ನು ಹಸಿರು ನೀಲಿ ಪಟ್ಟೆಗಳ ಸಮುದ್ರದ ಮೀನು ಎಂದಿತು. ಮಂಜಿನ ನಾಡಿನ ಆ ಸುಂದರ ಮೀನನ್ನು ಕಣ್ಣುಮುಚ್ಚಿ ಕಲ್ಪಿಸಿಕೊಂಡೆ. ಆ ಹೊತ್ತಿಗೆ ಆಯಿ ನನ್ನ ಎದುರೇ ಕೂತು ಬಂಗಡೆ ಕೊಯ್ಯುತ್ತಿದ್ದಳು. ಎರಡೂ ಒಂದೇ ಎಂದು ಗೊತ್ತಾಗಿ ನಾನೇ ಹೇಳಿದಾಗ ಅವಳು ಕತ್ತಿ ಕೆಳಗಿಟ್ಟು, "ಹಂಗಾರೆ ಇಷ್ಟು ವರ್ಷ ನಾ ಇಂಗ್ಲಿಷೇ ಮಾರ್ತಾ ಇದ್ನೇನೆ?" ಎಂದು ಕೇಳಿದಳು.

ಪದವಿ ಮುಗಿದ ಮೇಲೆ ಭಟ್ಕಳದ ಒಂದು ಖಾಸಗಿ ಶಾಲೆಗೆ ಸಂದರ್ಶನಕ್ಕೆ ಹೋದೆ. ನಿಮ್ಮ ಬಗ್ಗೆ ಹೇಳಿ ಎಂದು ಅವರು ಇಂಗ್ಲಿಷಿನಲ್ಲಿ ಕೇಳುತ್ತಾರೆಂದು ಬಲ್ಲವರು ಮೊದಲೇ ಹೇಳಿದ್ದರು. ಹಾಗಾಗಿ ನನ್ನ ಬಗ್ಗೆ ನಾನೇ ಒಂದು ಪ್ರಬಂಧ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಅವರು ಕೇಳಿದ್ದು ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು. ಪ್ರಬಂಧದಲ್ಲಿ ಬಸ್ಸಿನ ವಿಷಯ ಇರಲಿಲ್ಲ. ಬೇರೆ ದಾರಿ ಕಾಣದೆ ಪ್ರಬಂಧವನ್ನೇ ಪೂರ್ತಿ ಹೇಳಿಬಿಟ್ಟೆ. ಅವರು ಸಮಾಧಾನದಿಂದ ಕೇಳಿ, ನೀರು ಕೊಟ್ಟು ಕಳಿಸಿದರು.

ಕೊನೆಗೆ ಕೆಲಸ ಸಿಕ್ಕಿದ್ದು ಓಂ ಬೀಚಿನ ಹತ್ತಿರದ ಒಂದು ಗೆಸ್ಟ್ ಹೌಸಿನಲ್ಲಿ. ಗೋಕರ್ಣದಲ್ಲಿದ್ದ ದೊಡ್ಡಮ್ಮನ ಮನೆಯಿಂದ ಹೋಗಿಬರುತ್ತಿದ್ದೆ. ಮಾಲೀಕ ಗಣಪಣ್ಣನಿಗೆ ಇಂಗ್ಲಿಷ್ ಎಂದರೆ ದೇವರಷ್ಟು ಭಕ್ತಿ, ದೇವರಷ್ಟೇ ದೂರ. "ನೀ ಕೌಂಟರಲ್ಲಿ ಕೂತ್ಕ ತಂಗಿ. ಫಾರಿನ್‌ನವ್ರು ಎಂತ ಕೇಳ್ತ್ರೋ ಅದ್ಕೆ ಉತ್ತರ ಕೊಟ್ರೆ ಆತು" ಎಂದ. ಅಷ್ಟಾದರೆ ಆಗುತ್ತಿತ್ತು, ನಿಜ. ಆದರೆ ಬಂದವರು ಇಸ್ರೇಲಿನವರು, ರಷ್ಯಾದವರು, ಜರ್ಮನಿಯವರು. ನಾನು ಓದಿದ ಇಂಗ್ಲಿಷನ್ನು ಅವರಲ್ಲಿ ಒಬ್ಬರೂ ಆಡಲಿಲ್ಲ. ಮಾತಿನಲ್ಲಿ ಸೋತದ್ದನ್ನು ಬರಹದಲ್ಲಿ ಗೆಲ್ಲಲು ನಿರ್ಧರಿಸಿ, ಒಳಗಿನ ಗೋಡೆಗೆ ಒಂದು ಸೂಚನೆ ಬರೆದು ಹಾಕಿದೆ. ಮಾನ್ಯ ಅತಿಥಿಗಳು ಮರಳು ಮೆತ್ತಿದ ಪಾದಗಳೊಂದಿಗೆ ಒಳಾಂಗಣ ಪ್ರವೇಶದಿಂದ ವಿಮುಖರಾಗಬೇಕೆಂದು ಸವಿನಯವಾಗಿ ಪ್ರಾರ್ಥಿಸಲಾಗಿದೆ, ಎಂಬುದು ಅದರ ತಾತ್ಪರ್ಯ. ಅದನ್ನು ಓದಿ ಅರ್ಥಮಾಡಿಕೊಳ್ಳಲು ಅತಿಥಿಗಳು ಮರಳುಗಾಲಿನಲ್ಲೇ ಒಳಗೆ ಬಂದು ಬಹಳ ಹೊತ್ತು ನಿಲ್ಲುತ್ತಿದ್ದರು.

ಹೀಗಿರುವಾಗ ಲುಚಿಯಾ ಎಂಬ ಇಟಲಿಯ ಅಜ್ಜಿ ಬಂದರು. ಮಗಳು ಗೋವಾದಿಂದ ಎರಡು ದಿನ ಬಿಟ್ಟು ಬರುವವಳಿದ್ದಳು. ಅಜ್ಜಿಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಯೆಸ್, ನೋ ಮತ್ತು ಒಂದು ನಗು. ಮರುದಿನ ಬೆಳಿಗ್ಗೆ ಅವರು ಸಮುದ್ರದ ಬಂಡೆಯ ಮೇಲೆ ಜಾರಿ, ಚಿಪ್ಪು ತಾಗಿ ಅಂಗಾಲು ಆಳವಾಗಿ ಸೀಳಿಕೊಂಡರು. ಗಣಪಣ್ಣನ ಮುಖ ಬಿಳಿಚಿತು. ಅವನು ಕಾರು ತರಿಸಿ, "ನೀನೇ ಕುಮಟೆಗೆ ಕರ್ಕಂಡು ಹೋಗು ತಂಗಿ. ಇಂಗ್ಲಿಷ್ ಬರೂದು ನಿಂಗೆ ಒಬ್ಳಿಗೇ" ಎಂದ.

ಕಾರಿನಲ್ಲಿ ಅಜ್ಜಿ ನನ್ನ ಕೈ ಹಿಡಿದು ಏನನ್ನೋ ಮತ್ತೆ ಮತ್ತೆ ಹೇಳತೊಡಗಿದರು. ನನಗೆ ತಿಳಿದದ್ದು "ಚಿಲ್ಲಿ" ಮತ್ತು "ನೋ" ಎಂಬ ಎರಡು ಪದಗಳು. ಹೇಳುವಾಗ ಗಂಟಲು ಹಿಡಿದುಕೊಂಡು ತೋರಿಸುತ್ತಿದ್ದರು. ಪಾಪ, ಹಿಂದಿನ ದಿನ ನಮ್ಮ ಅಡಿಗೆಯವನ ಮೀನುಸಾರು ಖಾರವಾಗಿತ್ತೇನೋ ಎಂದುಕೊಂಡೆ. "ನೋ ಚಿಲ್ಲಿ, ನೋ ಚಿಲ್ಲಿ" ಎಂದು ನಾನೂ ಅಷ್ಟೇ ಸಲ ಭರವಸೆ ಕೊಟ್ಟೆ. ಅವರು ನೆಮ್ಮದಿಯಿಂದ ಕಣ್ಣುಮುಚ್ಚಿದರು. ವಿದೇಶಿಯರೊಬ್ಬರೊಡನೆ ನನ್ನ ಮೊದಲ ಯಶಸ್ವಿ ಸಂಭಾಷಣೆ ಅದು ಎಂದು ಒಳಗೊಳಗೇ ಹಿಗ್ಗಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ನೋಡಿ ಇಂಗ್ಲಿಷಿನಲ್ಲೇ ಶುರುಮಾಡಿದರು. ನಾನು ಅವರ ಇಂಗ್ಲಿಷನ್ನು ನನ್ನ ಇಂಗ್ಲಿಷಿಗೆ ಅನುವಾದಿಸಿ ಅಜ್ಜಿಗೆ ಹೇಳುವುದು, ಅಜ್ಜಿ ನಗುವುದು, ಹೀಗೆ ಕೆಲಸ ಸಾಗಿತು. ಹೊಲಿಗೆ ಹಾಕಿದ ಮೇಲೆ, ಯಾವುದಾದರೂ ಔಷಧಿ ಅಲರ್ಜಿಯಾಗುತ್ತದೆಯೇ ಕೇಳಿ ಎಂದರು. ಕೇಳಬೇಕಾದದ್ದು ಎರಡೇ ಪದದಲ್ಲಿ. ನಾನು ಬಿಡಲಿಲ್ಲ. ಇದುವರೆಗೆ ಯಾವುದೇ ಅನಪೇಕ್ಷಿತ ಪರಿಣಾಮವನ್ನು ತಾವು ಅನುಭವಿಸಿಲ್ಲವೆಂದು ನಾವು ಭಾವಿಸಬಹುದೇ ಎಂಬ ಅರ್ಥದ ವಾಕ್ಯವೊಂದನ್ನು ಕಟ್ಟಿದೆ. ಅದರ ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಸರಿಯಾಗಿದ್ದವು. ಅಜ್ಜಿ ಗೌರವದಿಂದ ಕೇಳಿ, "ಯೆಸ್, ಯೆಸ್" ಎಂದರು.

ಡಾಕ್ಟರು ನರ್ಸಿನ ಕಡೆ ತಿರುಗಿ, ಪೆನಿಸಿಲಿನ್ ಇಂಜೆಕ್ಷನ್ ತರಲು ಹೇಳಿದರು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಅಜ್ಜಿ ಹಾಸಿಗೆಯಿಂದ ಅರ್ಧ ಎದ್ದು ನನ್ನ ರಟ್ಟೆ ಹಿಡಿದರು. "ಪೆನಿಚಿಲ್ಲೀನಾ ನೋ" ಎಂದು ಮತ್ತೆ ಗಂಟಲು ಮುಟ್ಟಿ ತೋರಿಸಿದರು. ಕಾರಿನಲ್ಲಿ ಅವರು ದಾರಿಯುದ್ದಕ್ಕೂ ಬೇಡವೆಂದದ್ದು ಮೆಣಸಿನಕಾಯಿಯನ್ನಲ್ಲ ಎಂದು ನನಗೆ ಹೊಳೆಯಿತು. ನರ್ಸ್ ಆಗಲೇ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದರು. ಮೂರು ವರ್ಷ ಓದಿದ ವ್ಯಾಕರಣವೆಲ್ಲ ಒಟ್ಟಿಗೆ ಎದ್ದು ಹೊರಗೆ ಹೋಯಿತು. "ಸ್ಟಾಪ್. ಶೀ ಡೈ. ದಿಸ್ ಗೋ, ಶೀ ಡೈ" ಎಂದು ಕೂಗಿದೆ.

ನರ್ಸ್ ಕೈ ತಡೆದರು. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿ, "ಎಂತ ಆತು ತಂಗಿ? ಕನ್ನಡದಲ್ಲಿ ಹೇಳು" ಎಂದರು.

ಹೇಳಿದೆ. ಒಂದೇ ಉಸಿರಿನಲ್ಲಿ, ತಡವರಿಸದೆ, ಎಲ್ಲವನ್ನೂ ಹೇಳಿದೆ. ಅವರು ಔಷಧಿ ಬದಲಿಸಿದರು. ಆಮೇಲೆ ಚೀಟಿ ಬರೆಯುತ್ತ, "ನಂದು ಹಳದೀಪುರ. ನಿಂದು ಯಾವೂರು?" ಎಂದು ಕೇಳಿದರು. ಮಂಕಿ ಎಂದೆ. "ಹಂಗಾರೆ ನಾವಿಬ್ರೂ ಇಷ್ಟು ಹೊತ್ತು ಎಂತಕ್ಕೆ ಒದ್ದಾಡ್ತಾ ಇದ್ದಿದ್ದು?" ಎಂದು ನಕ್ಕರು.

ಮರುದಿನ ಮಗಳು ಬಂದಳು. ಅವಳ ಇಂಗ್ಲಿಷ್ ನಿರ್ಮಲವಾಗಿತ್ತು, ನನಗೂ ಪೂರ್ತಿ ಅರ್ಥವಾಯಿತು. ಅದೇ ತೊಂದರೆಯಾದದ್ದು. ತಾಯಿಯ ಜೀವ ಉಳಿಸಿದಿರಿ ಎಂದು ನನ್ನನ್ನು ತಬ್ಬಿಕೊಂಡಳು. ಗಣಪಣ್ಣ ಹೆಮ್ಮೆಯಿಂದ ಹತ್ತಿರ ಬಂದು ನಿಂತ. ಆಗ ಅವಳು, "ನಿಮ್ಮ ಜೊತೆ ಅಮ್ಮನಿಗೆ ತುಂಬ ಧೈರ್ಯ ಬಂತಂತೆ. 'ಈ ಹುಡುಗಿಗೂ ನನ್ನ ಹಾಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ನಾವಿಬ್ಬರೂ ಅಷ್ಟು ಚೆನ್ನಾಗಿ ಮಾತಾಡಿಕೊಂಡೆವು' ಅಂತಾರೆ ಅಮ್ಮ" ಎಂದಳು.

"ಎಂತ ಹೇಳ್ತು ಅದು?" ಎಂದು ಗಣಪಣ್ಣ ನನ್ನನ್ನು ಕೇಳಿದ.

"ನನ್ನ ಇಂಗ್ಲಿಷಿನ ವಿಷಯ ಹೇಳಿದ್ರು" ಎಂದೆ. ಅನುವಾದದಲ್ಲಿ ಸ್ವಲ್ಪ ಬಿಟ್ಟುಹೋಗುವುದು ಸಹಜ ಎಂದು ಮೇಷ್ಟ್ರೇ ಹೇಳಿದ್ದರು. ಗಣಪಣ್ಣ ಆ ತಿಂಗಳಿಂದಲೇ ನನ್ನ ಕೆಲಸ ಕಾಯಂ ಮಾಡಿದ. ಅಜ್ಜಿಯ ಮಗಳಿಗೆ ಕೊಡಬೇಕಾಗಿದ್ದ ಉತ್ತರ, ಚುರುಕಾದ, ವಿನಯದಿಂದ ಕೂಡಿದ, ಒಂದೇ ಒಂದು ತಪ್ಪಿಲ್ಲದ ಇಂಗ್ಲಿಷ್ ವಾಕ್ಯ, ನನಗೂ ಹೊಳೆಯಿತು. ತಾಯಿ ಮಗಳು ದಕ್ಷಿಣಕ್ಕೆ ಹೊರಟು, ಅವರ ಕಾರು ಹೊನ್ನಾವರದ ಸೇತುವೆ ದಾಟಿರಬಹುದಾದ ಹೊತ್ತಿಗೆ.