ಬೆಣ್ಣೆ ಗೋದಾಮಿನಲ್ಲಿ ಕ್ರಿಸ್‌ಮಸ್

ಬಾಯಿಂದ ಹೊಗೆ ಬರದಿದ್ದರೆ ಅದು ಕ್ರಿಸ್‌ಮಸ್ಸೇ ಅಲ್ಲ. ಇದು ಯಜಮಾನರ ಹೆಂಡತಿಯ ತವರಿನ ಸಂವಿಧಾನ. (ಬೀಡಿ ಹೊಗೆಯಲ್ಲ, ತಪ್ಪು ತಿಳಿಯಬೇಡಿ. ಚಳಿಯಲ್ಲಿ ಉಸಿರು ಬಿಟ್ಟರೆ ಬರುತ್ತದಲ್ಲ, ಆ ಹೊಗೆ.) ಹಬ್ಬದ ಮಧ್ಯಾಹ್ನ ಮನೆಮಂದಿಯೆಲ್ಲ ಸಾಲಾಗಿ ನಿಂತು 'ಹಾ' ಎಂದು ಊದಬೇಕು. ಯಾರ ಹೊಗೆ ಎಲ್ಲರಿಗಿಂತ ದೂರ ಹೋಗುತ್ತದೋ ಅವರ ಕೈಗೆ ಕೇಕಿನ ಚಾಕು. ಹೆಂಡತಿಯ ತಾಯಿ, ಅಂದರೆ ಯಜಮಾನರ ಅತ್ತೆಯವರು, ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಚಾಕು ಇನ್ನೊಬ್ಬರ ಕೈ ಕಂಡದ್ದಿಲ್ಲ.

ಇಂಥ ಘನ ಪರಂಪರೆಯ ಕುಟುಂಬವನ್ನು ಯಜಮಾನರು ಈ ವರ್ಷ ಬೆವರಿನ ಊರಿಗೆ ತಂದು ಹಾಕಿದ್ದರು. ತಪ್ಪು ಅವರದಲ್ಲ. ಅವರು ಬೆಣ್ಣೆ ಗೋದಾಮಿನ ಸ್ಟೋರ್ ಕೀಪರ್. ಬೆಣ್ಣೆ ಎಲ್ಲಿ ಕರಗುತ್ತದೋ ಅಲ್ಲಿ ಗೋದಾಮು, ಗೋದಾಮು ಎಲ್ಲೋ ಅಲ್ಲಿ ಇವರು. ಇದನ್ನು ಹೆಂಡತಿಗೆ ವಿವರಿಸಲು ಹೋಗಿ ಯಜಮಾನರು ಒಂದು ಹೊತ್ತಿನ ಊಟ ಕಳೆದುಕೊಂಡಿದ್ದರು.

ಹಬ್ಬ ಹತ್ತಿರ ಬಂದಂತೆ ಮನೆಯಲ್ಲಿ ಒಂದೊಂದೇ ವಸ್ತು ಕೈಕೊಡತೊಡಗಿತು. ಮರಕ್ಕೆ ಸಿಕ್ಕಿಸಿದ ಮೇಣದಬತ್ತಿಗಳು ಹಚ್ಚುವ ಮೊದಲೇ ಸೊಂಟ ಬಗ್ಗಿಸಿ ನಿಂತವು. ಕೇಕಿನ ಮೇಲೆ ಬರೆದ ಶುಭಾಶಯ ತಟ್ಟೆಗೆ ಇಳಿದು, ತಟ್ಟೆಯಿಂದ ಮೇಜಿಗೆ ಇಳಿದು, ಇರುವೆಗಳಿಗೆ ತಲುಪಿತು. ಮಗಳು ಪುಟ್ಟಿ ಕನ್ನಡಿ ಮುಂದೆ ನಿಂತು ಊದಿ ಊದಿ, ಹೊಗೆ ಬರದೆ ಅತ್ತಳು. ಯಜಮಾನರು ಅವಳನ್ನು ಫ್ರಿಜ್ಜಿನ ಮುಂದೆ ಕೂರಿಸಿ ಬಾಗಿಲು ತೆಗೆದಿಟ್ಟರು. ಹೊಗೆಯೇನೂ ಬರಲಿಲ್ಲ. ಹಾಲು ಒಡೆಯಿತು, ಫ್ರಿಜ್ಜು ಕೆಟ್ಟಿತು.

"ನೋಡಿ, ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ" ಎಂದರು ಹೆಂಡತಿ. (ಇದು ಯಜಮಾನರಿಗೆ ಹೊಸ ಸುದ್ದಿ.) "ಹಬ್ಬ ಹಬ್ಬದ ಥರ ಆಗ್ಲಿಲ್ಲ ಅಂದ್ರೆ ಅಮ್ಮ ವಾಪಸ್ ಹೋಗೋ ಟ್ರೈನಲ್ಲೇ ನಾನೂ ಪುಟ್ಟೀನೂ ಹೊರಟ್ವಿ. ನೀವು ನಿಮ್ಮ ಬೆಣ್ಣೆ ಜೊತೆ ಸಂಸಾರ ಮಾಡ್ಕೊಂಡಿರಿ."

ಬರಿ ಬಾಯಿಮಾತಲ್ಲ ಅದು. ಹಬ್ಬಕ್ಕೆಂದು ಬಂದಿಳಿದಿದ್ದ ಅತ್ತೆಯವರು ಹೋಗುವ ಟಿಕೆಟನ್ನು ಮೂರು ಜನಕ್ಕೇ ಮಾಡಿಸಿಕೊಂಡು ಬಂದಿದ್ದರು. "ಇರ್ಲಿ ಅಂತ ಮಾಡಿಸ್ದೆ ಅಳಿಯಂದ್ರೆ" ಎಂದು ಯಜಮಾನರ ಮಂಚದ ಮೇಲೆ ಕಾಲು ಚಾಚಿ ಕೂತರು.

ಯಜಮಾನರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆಂಡತಿ ಬೈಯುತ್ತಾಳೆ, ನಿಜ. ಆದರೆ ಬೈಯುವವರಿಲ್ಲದ ಮನೆಗೆ ಸಂಜೆ ಬೀಗ ತೆಗೆದು ಹೋಗುವುದು ಅವರಿಂದಾಗದ ಕೆಲಸ. ಮನೆಯವರೆಲ್ಲ ಒಂದೇ ಸೂರಿನಡಿ ಇರಬೇಕು, ಅವರಿಗೆ ಬೇಕಾದದ್ದು ಅಷ್ಟೇ. ಹೀಗೆ ತಲೆ ಮೇಲೆ ಕೈ ಹೊತ್ತು ಗೋದಾಮಿನ ಶೀತಲ ಕೋಣೆಯಲ್ಲಿ ಪೆಟ್ಟಿಗೆ ಎಣಿಸುತ್ತಿದ್ದಾಗ ಅವರು ಒಂದು ನಿಟ್ಟುಸಿರು ಬಿಟ್ಟರು. ನಿಟ್ಟುಸಿರು ಬೆಳ್ಳಗೆ, ದಟ್ಟವಾಗಿ, ಬೆಣ್ಣೆಯ ಪೆಟ್ಟಿಗೆಗಳ ಆಚೆಗೆ ತೇಲಿಹೋಯಿತು.

ಹಬ್ಬದ ದಿನ ಗೋದಾಮಿಗೆ ರಜೆ. ಬೀಗದ ಕೈ ಯಜಮಾನರ ಸೊಂಟದಲ್ಲಿ. ಗೇಟಿನಲ್ಲಿ ಕಾವಲುಗಾರನೊಬ್ಬನೇ.

"ಏನ್ಸಾರ್, ಮರ ತಗೊಂಡು ಬಂದಿದೀರಾ?"

"ತಪಾಸಣೆ" ಎಂದರು ಯಜಮಾನರು.

"ಇವರೆಲ್ಲ?"

"ತಪಾಸಣಾ ಸಮಿತಿ."

ಸಮಿತಿಯ ಅಧ್ಯಕ್ಷರಾದ ಅತ್ತೆಯವರು ಎರಡು ಸ್ವೆಟರು, ಉಲ್ಲನ್ ಶಾಲು, ಮಂಕಿ ಕ್ಯಾಪು ಧರಿಸಿ, ಸುಡುಬಿಸಿಲಲ್ಲಿ ಬೆವರು ಸುರಿಸುತ್ತ ನಿಂತಿದ್ದರು. ಕಾವಲುಗಾರ ಪಾಪ, ಇನ್ನೇನೂ ಕೇಳದೆ ಸಲಾಮು ಹೊಡೆದ.

ಒಳಗೆ ಕಾಲಿಟ್ಟಿದ್ದೇ ಹೆಂಡತಿಯ ಮುಖ ಅರಳಿತು. "ರೀ, ನಮ್ಮೂರೇ ಕಣ್ರೀ" ಎಂದು ಕಣ್ಣು ತುಂಬಿಕೊಂಡರು. ಯಜಮಾನರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬೆಣ್ಣೆಯ ಪೆಟ್ಟಿಗೆಗಳ ನಡುವೆ ಮರ ನಿಂತಿತು. ಹೊಸ ಮೇಣದಬತ್ತಿಗಳು ಸೆಟೆದು ನಿಂತವು. ಪುಟ್ಟಿ ಊದಿದಳು, ಹೊಗೆ ಬಂತು, ಕುಣಿದಳು. ಹೆಂಡತಿಯ ಹೊಗೆ ಪುಟ್ಟಿಯದನ್ನು ದಾಟಿತು. ಕೊನೆಗೆ ಕುರ್ಚಿಯಲ್ಲಿ ವಿರಾಜಮಾನರಾಗಿದ್ದ ಅತ್ತೆಯವರು ಶಾಲು ಸರಿಸಿ, ಎದೆ ತುಂಬಾ ಉಸಿರೆಳೆದು ಊದಿದರು. ಎದುರಿಗಿದ್ದ ಯಜಮಾನರ ಕನ್ನಡಕ ಪೂರ್ತಿ ಮಂಜಾಯಿತು. ಫಲಿತಾಂಶದ ಬಗ್ಗೆ ಚರ್ಚೆಗೆ ಅವಕಾಶವಿರಲಿಲ್ಲ.

ಚಾಕು ಅತ್ತೆಯವರ ಕೈಗೆ ಹೋಯಿತು. ಆದರೆ ಕೇಕು ಅಷ್ಟರಲ್ಲಿ ಕಲ್ಲಾಗಿತ್ತು. ಅವರು ಒತ್ತಿದರು, ಗುದ್ದಿದರು, "ಇದೇನು ಕೇಕೋ ಚಪ್ಪಡಿಯೋ" ಎಂದು ಮೂಗು ಮುರಿದು, ಇನ್ನಷ್ಟು ಬಲ ಹಾಕಲು ಎದ್ದು ನಿಲ್ಲಹೋದರು. ಏಳಲಾಗಲಿಲ್ಲ.

"ಅಳಿಯಂದ್ರೆ, ಮಂಡಿ ಹಿಡ್ಕೊಂಡ್ಬಿಡ್ತು."

"ಬಿಡುತ್ತೆ ಅತ್ತೆ, ಸ್ವಲ್ಪ ಅಲ್ಲಾಡಿಸಿ."

"ಅಲ್ಲಾಡೋ ಹಾಗಿದ್ರೆ ನಿಮ್ಮನ್ಯಾಕೆ ಕರೀತಿದ್ದೆ?"

ಹೆಂಡತಿ ಎಳೆದರು, ಯಜಮಾನರು ನೂಕಿದರು, ಅತ್ತೆಯವರು ಇಬ್ಬರನ್ನೂ ಬೈದರು. ಕೊನೆಗೆ ಅವರನ್ನು ಕುರ್ಚಿ ಸಮೇತ ಬೆಣ್ಣೆ ಸಾಗಿಸುವ ಕೈಗಾಡಿಗೆ ಏರಿಸಿ ಹೊರಗೆ ತಳ್ಳಿಕೊಂಡು ಬಂದರು.

ಬಾಗಿಲ ಹೊರಗೆ ಕಾವಲುಗಾರ ಅಡ್ಡ ನಿಂತ. "ಸಾರ್, ತೂಕ."

"ಏನು ತೂಕ?"

"ಕೋಣೆಯಿಂದ ಗಾಡೀಲಿ ಏನೇ ಹೊರಗೆ ಬಂದ್ರೂ ತೂಕ ಹಾಕಿ ಕೂಗ್ಬೇಕು. ನೀವೇ ಮಾಡಿದ ರೂಲ್ಸು ಸಾರ್. ಮಾಲೀಕರೇ ಬಂದ್ರೂ ಬಿಡಬೇಡ ಅಂದಿದ್ರಿ."

ಅಂದಿದ್ದರು. ಬೆಣ್ಣೆ ಕದಿಯುವವರನ್ನು ಹಿಡಿಯಲು ಮಾಡಿದ ನಿಯಮ, ಹೆಣ್ಣು ಕೊಟ್ಟ ಅತ್ತೆಯನ್ನು ಹಿಡಿಯಿತು. ಗಾಡಿ ತಕ್ಕಡಿ ಹತ್ತಿತು. ಕುರ್ಚಿಯ ತೂಕ ಕಳೆದು, ಗಾಡಿಯ ತೂಕ ಕಳೆದು, ಉಳಿದದ್ದನ್ನು ಕಾವಲುಗಾರ ಪಕ್ಕದ ಬೀದಿಗೂ ಕೇಳುವಂತೆ ಕೂಗಿದ. (ಆ ಸಂಖ್ಯೆ ಇಲ್ಲಿ ಬೇಡ. ಹೇಳಿದವರ ಮನೆಗೆ ಅತ್ತೆಯವರು ಖುದ್ದಾಗಿ ಬರುತ್ತಾರೆ.) ಹೆಂಡತಿ ಗಂಡನನ್ನು ನೋಡಿದ ನೋಟಕ್ಕೆ ಒಳಗಿದ್ದ ಬೆಣ್ಣೆಯೂ ಕರಗಬೇಕಿತ್ತು. ಮುಗಿಯಿತು ನನ್ನ ಸಂಸಾರ ಎಂದುಕೊಂಡು ಯಜಮಾನರು ತಕ್ಕಡಿಯ ಪಕ್ಕದಲ್ಲೇ ಕುಸಿದು ಕೂತರು.

ಬಿಸಿಲು ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಅತ್ತೆಯವರು ಮೊದಲು ಮಂಕಿ ಕ್ಯಾಪು ಕಿತ್ತರು, ಆಮೇಲೆ ಶಾಲು, ಆಮೇಲೆ ಒಂದೊಂದೇ ಸ್ವೆಟರು. ಒಂದು ಕಾಲು ನೀಡಿದರು. ಇನ್ನೊಂದು ನೀಡಿದರು. ಎದ್ದು ನಿಂತು ತಕ್ಕಡಿಯಿಂದ ತಾವಾಗಿಯೇ ಇಳಿದರು.

"ನಾನು ಆ ಚಳಿ ಊರಿಗೆ ವಾಪಸ್ ಹೋಗಲ್ಲ" ಎಂದರು.

"ಅಮ್ಮಾ?"

"ಹೇಳ್ಬಾರ್ದು ಅಂತಿದ್ದೆ ಕಣೆ. ಇಲ್ಲಿಗೆ ಬಂದಾಗಿಂದ ಮಂಡಿ ನೋವೇ ಇಲ್ಲ. ನೀವೆಲ್ಲ ಮಲಗಿದ್ದಾಗ ನಾನು ಮಹಡಿ ಹತ್ತಿ ಇಳೀತಿದ್ದೆ, ಸುಮ್ನೆ, ಖುಷಿಗೆ. ಹೊಗೆ ಊದಿ ಊದಿ ಜೀವಮಾನ ಕಳೆದೆ, ಸಾಕು."

"ಅಮ್ಮನೇ ಇಲ್ಲಿರೋದಾದ್ರೆ ನಾನ್ಯಾಕೆ ಅಲ್ಲಿಗೆ ಹೋಗ್ಲಿ?" ಎಂದರು ಹೆಂಡತಿ.

ಯಜಮಾನರಿಗೆ ಕಿವಿ ನಂಬಲಾಗಲಿಲ್ಲ. ಎದ್ದು ಬಂದು ಅತ್ತೆಯವರ ಕಾಲಿಗೆ ಬೀಳುವುದೊಂದು ಬಾಕಿ. "ಇರಿ ಅತ್ತೆ, ಎಷ್ಟು ದಿನ ಬೇಕಾದ್ರೂ ಇರಿ, ಇದು ನಿಮ್ಮ ಮನೆ" ಎಂದುಬಿಟ್ಟರು. ಸಂತೋಷದಲ್ಲಿ ಮನುಷ್ಯ ಏನೇನೋ ಹೇಳುತ್ತಾನೆ.

"ಹಾಗಾದ್ರೆ ಈ ಮೂರು ಟಿಕೆಟ್ ರದ್ದು ಮಾಡ್ಸಿ, ಒಂದು ಹೊಸದು ಮಾಡ್ಸಿ" ಎಂದರು ಅತ್ತೆಯವರು.

"ಯಾರಿಗೆ?"

"ನಿಮಗೇ ಅಳಿಯಂದ್ರೆ. ಅಲ್ಲಿ ಮನೆ ಖಾಲಿ ಮಾಡ್ಬೇಡ್ವೇ? ಬೀರು ಇದೆ, ಹೊಲಿಗೆ ಮಿಷನ್ ಇದೆ, ನಿಮ್ಮ ಮಾವನವರ ಆರಾಮ ಕುರ್ಚಿ ಇದೆ. ಒಂದೊಂದನ್ನೂ ಬಟ್ಟೆ ಸುತ್ತಿ ಲಾರಿಗೆ ಹಾಕ್ಸಿ, ಲಾರಿ ಜೊತೆಗೇ ಬನ್ನಿ. ಹೊಸ ವರ್ಷಕ್ಕೆ ಬರಬೇಕು ಅಂತ ಅವಸರ ಏನಿಲ್ಲ."

ಯಜಮಾನರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಆಗಲೇ ತಾಯಿಯ ಸ್ವೆಟರುಗಳನ್ನು ಮಡಿಸಿ ಗಂಡನ ಕೈಗಿಡುತ್ತಿದ್ದರು. "ಇಟ್ಕೊಳ್ಳಿ ರೀ, ಅಲ್ಲಿ ವಿಪರೀತ ಚಳಿ."

ಮಾರನೆಯ ದಿನ ಸ್ಟೇಷನ್ನಿಗೆ ಮೂವರೂ ಬಂದರು. ಪುಟ್ಟಿ ಕೈಬೀಸಿದಳು, ಹೆಂಡತಿ ಬುತ್ತಿ ಕೊಟ್ಟರು. ರೈಲು ಹೊರಡುವಾಗ ಅತ್ತೆಯವರು ಕಿಟಕಿಯ ಜೊತೆಗೇ ಚುರುಕಾಗಿ ಹೆಜ್ಜೆ ಹಾಕುತ್ತ, "ಮನೆ ಚಿಂತೆ ಮಾಡ್ಬೇಡಿ ಅಳಿಯಂದ್ರೆ, ನಾವೆಲ್ಲ ಒಟ್ಟಿಗೆ ಇರ್ತೀವಿ" ಎಂದು ಧೈರ್ಯ ಹೇಳಿದರು.