ನಾನು ಸ್ವತಂತ್ರನಾಗಿದ್ದ ಒಂಬತ್ತು ದಿನ

ಕೆಲವರಿಗೆ ಬೀಡಿಯ ಚಟ, ಕೆಲವರಿಗೆ ಲಾಟರಿಯ ಚಟ. ನನಗೆ ಇದ್ದದ್ದು ಪರವಾನಗಿಯ ಚಟ. ಪರವಾನಗಿ ಎಂದರೆ ಬಂದೂಕಿನದ್ದಲ್ಲ, ಬೈಕಿನದ್ದೂ ಅಲ್ಲ. ಬೈಕಿನದ್ದು ಇವತ್ತಿಗೂ ಆಗಿಲ್ಲ; ಪರೀಕ್ಷೆಯಲ್ಲಿ ನೆಲದ ಮೇಲೆ ಬೈಕಿನಿಂದ ಎಂಟು ಬರೆಯುವಾಗ ಮೂರು ಸಲ ಕಾಲೂರಿದ್ದೇನೆ, ಮೂರನ್ನೂ ದಿನಾಂಕ ಸಮೇತ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ನಾನು ಹೇಳುತ್ತಿರುವುದು ತಂತ್ರಾಂಶದ ಪರವಾನಗಿ. ಕಂಪ್ಯೂಟರಿಗೆ ಹೊಸದೇನಾದರೂ ಹಾಕುವಾಗ ಮಾರುದ್ದದ ಬರಹವೊಂದು ತೆರೆದುಕೊಳ್ಳುತ್ತದಲ್ಲ, ಅದನ್ನು ಒಂದಕ್ಷರವೂ ಓದದೆ ಎಲ್ಲರೂ ‘ಒಪ್ಪುತ್ತೇನೆ’ ಎಂಬ ಗುಂಡಿ ಒತ್ತುತ್ತಾರಲ್ಲ, ಅದು. ನಾನು ಅದನ್ನು ಓದುತ್ತಿದ್ದೆ. ಓದಿ ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದರ ಬಗ್ಗೆ ವಾದ ಮಾಡುತ್ತಿದ್ದೆ.

ವಾದ ಮಾಡಲು ಇಂಟರ್ನೆಟ್ಟಿನಲ್ಲಿ ನಮ್ಮದೊಂದು ಗುಂಪಿತ್ತು. ಕನ್ನಡದಲ್ಲಿ ಕಂಪ್ಯೂಟರ್ ಬಳಸುವ ಮೂವತ್ತೆಂಟು ಮಂದಿ, ಅದರಲ್ಲಿ ಮಾತಾಡುವವರು ಆರು, ಜಗಳಾಡುವವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ‘ಕಾನೂನುಪ್ರಿಯ’ ಎಂಬ ಹೆಸರಿಟ್ಟುಕೊಂಡ ಯಾರೋ ಮಹಾನುಭಾವರು. ಊರು, ವಯಸ್ಸು ಒಂದೂ ಗೊತ್ತಿಲ್ಲ. ಮುಕ್ತ ಪರವಾನಗಿಯ ಅಕ್ಷರಗಳನ್ನು ಬಳಸಿ ಮದುವೆ ಕಾಗದ ಅಚ್ಚು ಹಾಕಿಸಿದರೆ ಆ ಮದುವೆ ಕಾಗದವೂ ಮುಕ್ತವಾಗಬೇಕೇ, ಯಾರು ಬೇಕಾದರೂ ಅದರಲ್ಲಿ ವರನ ಹೆಸರು ತಿದ್ದಿ ಹಂಚಬಹುದೇ ಎಂಬ ವಿಷಯದಲ್ಲಿ ನಾವು ಇಪ್ಪತ್ತೆರಡು ಪತ್ರ ಬರೆದುಕೊಂಡೆವು. ಒಮ್ಮೆ ನನ್ನ ಮೊಣಕೈ ತಾಗಿ ‘ಒಪ್ಪುತ್ತೇನೆ’ ಗುಂಡಿ ಒತ್ತಿಹೋಯಿತು. ಮೊಣಕೈ ಕೊಟ್ಟ ಸಮ್ಮತಿ ಕರಾರು ಕಾನೂನಿನ ಪ್ರಕಾರ ನನ್ನ ಸಮ್ಮತಿಯೇ, ಅಲ್ಲವೇ ಎಂಬುದಕ್ಕೆ ಮೂವತ್ತೊಂದು ಪತ್ರ. ಡೈರಿಯ ಕೊನೆಯ ಪುಟದಲ್ಲಿ ಇದಕ್ಕೆಲ್ಲ ಒಂದು ಕೋಷ್ಟಕ ಮಾಡಿದ್ದೆ. ಆಗಸ್ಟ್ ಮುಗಿಯುವಾಗ ಲೆಕ್ಕ ಹೀಗಿತ್ತು: ಬರೆದ ಪತ್ರ ನೂರ ನಲವತ್ತಮೂರು, ಆರಿಹೋದ ಚಹಾ ಐವತ್ತೇಳು, ನನ್ನ ವಾದ ಒಪ್ಪಿದವರು ಒಬ್ಬರು. ಆ ಒಬ್ಬರು ಎರಡು ದಿನ ಬಿಟ್ಟು, ತಾನು ಬರೆದದ್ದು ಬೇರೆ ಪತ್ರಕ್ಕೆ ಉತ್ತರವೆಂದು ತಿಳಿಸಿದರು.

ನಮ್ಮ ಕೊನೆಯ ಮಹಾಯುದ್ಧ ಒಂದೇ ಒಂದು ಶಬ್ದದ ಮೇಲೆ ನಡೆಯಿತು. ಯಾರು ಬೇಕಾದರೂ ಬಳಸಬಹುದಾದ, ಒಳಗೆ ಹೇಗಿದೆಯೆಂದು ನೋಡಬಹುದಾದ, ತಿದ್ದಬಹುದಾದ, ಇನ್ನೊಬ್ಬರಿಗೆ ಹಂಚಬಹುದಾದ ತಂತ್ರಾಂಶಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಕಾನೂನುಪ್ರಿಯರು ‘ಉಚಿತ’ ಎಂದರು. ನನಗೆ ಮೈ ಉರಿಯಿತು. ಇದು ಪುಕ್ಕಟೆಯ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಆದ್ದರಿಂದ ‘ಸ್ವತಂತ್ರ’ ಎನ್ನಬೇಕು ಎಂದು ನಾನು ಬರೆದೆ. ನಮ್ಮ ಕೇರಳದಲ್ಲಿ ಶಾಲೆಯ ಮಕ್ಕಳೂ ಹಾಗೆಯೇ ಹೇಳುತ್ತಾರೆ ಎಂದು ಸ್ವಲ್ಪ ಜಂಬವನ್ನೂ ಸೇರಿಸಿದೆ. ಅವರು ಒಂದೇ ಸಾಲಿನ ಉತ್ತರ ಕೊಟ್ಟರು: “ಪರದೆಯಿಂದ ಹೊರಗೆ ಬಂದು ನಿಮ್ಮ ಊರಿನ ಹತ್ತು ಮಂದಿಗೆ ಈ ಶಬ್ದ ಅರ್ಥ ಮಾಡಿಸಿ, ಆಮೇಲೆ ಮಾತಾಡೋಣ.”

ಸರಿ, ಊರಿನಲ್ಲಿ ಶಿಬಿರ ಮಾಡುವುದೆಂದು ತೀರ್ಮಾನಿಸಿದೆ. ನಾನಾಗ ಕೇರಳದ ಕನ್ನಡ ಸೀಮೆಯ ಸೀತಾಂಗೋಳಿ ಪೇಟೆಯಲ್ಲಿ ಹಮೀದಿಚ್ಚನ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕಿದ್ದೆ. ಇಚ್ಚ ಎಂದರೆ ಅಣ್ಣ. ಹಮೀದಿಚ್ಚ ಶಿರಿಯದವರು, ಗಲ್ಫಿನಲ್ಲಿ ಹನ್ನೊಂದು ವರ್ಷ ಬೋರ್ಡು ಬರೆದು, ಊರಿಗೆ ಬಂದು ಜೆರಾಕ್ಸ್ ಮತ್ತು ಪೋಸ್ಟರಿನ ಅಂಗಡಿ ಇಟ್ಟವರು. ಭಾನುವಾರ ಮಧ್ಯಾಹ್ನ ಅಂಗಡಿ ಬಿಟ್ಟುಕೊಡುತ್ತೇನೆ, ಪೋಸ್ಟರನ್ನೂ ತಾನೇ ಮಾಡಿಕೊಡುತ್ತೇನೆ ಎಂದರು. ನಾನು ಬರೆದುಕೊಟ್ಟ ಒಕ್ಕಣೆ ಇಷ್ಟೇ: ‘ಸ್ವತಂತ್ರ ತಂತ್ರಾಂಶ. ಯಾರ ಹಂಗೂ ಇಲ್ಲ, ಎಲ್ಲರ ಹಕ್ಕು. ನೀವೇ ಪರೀಕ್ಷಿಸಿ, ನೀವೇ ತಿದ್ದಿ, ನೆರೆಹೊರೆಗೆ ಹಂಚಿ. ಭಾನುವಾರ ಮಧ್ಯಾಹ್ನ ಹಮೀದಿಚ್ಚನ ಅಂಗಡಿಗೆ ಬನ್ನಿ.’ ಪಕ್ಕದಲ್ಲಿ ಆ ತಂತ್ರಾಂಶದ ಗುರುತಾದ ಪೆಂಗ್ವಿನ್ ಚಿತ್ರ. ಪರವಾನಗಿಗೆ ಮೋಸವಾಗಬಾರದೆಂದು ಅದರಲ್ಲಿರುವ ಎಚ್ಚರಿಕೆಯನ್ನೂ ಕೆಳಗೆ ಕನ್ನಡಿಸಿ ಹಾಕಿದ್ದೆ: ‘ಯಾವುದೇ ರೀತಿಯ ಖಾತರಿ ಇರುವುದಿಲ್ಲ. ಇದರಿಂದ ನಿಮಗಾಗುವ ಯಾವ ಕಷ್ಟನಷ್ಟಕ್ಕೂ ನಾವು ಹೊಣೆಯಲ್ಲ.’

ಸೆಪ್ಟೆಂಬರ್ ಹದಿನಾರು, ಗುರುವಾರ. ನಾನು ಮಧ್ಯಾಹ್ನ ಊಟ ಮುಗಿಸಿ ಬರುವಾಗ ಅರುವತ್ತು ಪೋಸ್ಟರ್ ಅಚ್ಚಾಗಿ ಒಣಗುತ್ತಿದ್ದವು. ನಡುವೆ ಕೈಮುಗಿದ ನನ್ನ ಫೋಟೋ. ಅದು ಚಿಕ್ಕಪ್ಪನ ಮಗಳ ಮದುವೆಯಲ್ಲಿ ದಿಬ್ಬಣದವರನ್ನು ಎದುರುಗೊಳ್ಳುವಾಗ ತೆಗೆದದ್ದು. ತಲೆಯ ಮೇಲೆ ಒಂದಡಿ ಎತ್ತರದ ‘ಸ್ವತಂತ್ರ’. ‘ತಂತ್ರಾಂಶ’ ಎಂಬುದು ಸಾಸಿವೆ ಗಾತ್ರದಲ್ಲಿ ಎಲ್ಲೋ ಮೂಲೆಯಲ್ಲಿತ್ತು.

“ನನ್ನ ಫೋಟೋ ಎಂತಕ್ಕೆ ಇಚ್ಚಾ?”

“ಮೋರೆ ಇಲ್ಲದ ಪೋಸ್ಟರನ್ನು ನಮ್ಮಲ್ಲಿ ಯಾರು ಮಾರಾಯ ಓದುವುದು? ಖಾಲಿ ಖಾಲಿ ಕಾಣ್ತಿತ್ತು.”

“ತಂತ್ರಾಂಶ ಇಷ್ಟು ಸಣ್ಣದು ಯಾಕೆ?”

“ಅರ್ಥ ಆಗದ ಶಬ್ದ ದೊಡ್ಡದು ಮಾಡಿ ಪ್ರಯೋಜನ ಉಂಟಾ? ಅರ್ಥ ಆಗುವುದನ್ನು ದೊಡ್ಡ ಮಾಡಿದ್ದೇನೆ.”

ಅವರ ಮಾತಿನಲ್ಲಿ ತರ್ಕವಿತ್ತು. ಇಲ್ಲದೆ ಹೋದದ್ದು ನನ್ನ ತಲೆಯಲ್ಲಿ ಕ್ಯಾಲೆಂಡರ್. ಪರವಾನಗಿಯ ಗಲಾಟೆಯಲ್ಲಿ ಮುಳುಗಿದ್ದ ನಾನು, ಪಂಚಾಯತ್ ಚುನಾವಣೆ ಹತ್ತಿರ ಬಂದದ್ದನ್ನು ಗಮನಿಸಿರಲಿಲ್ಲ. ನಮ್ಮ ಕಡೆ ಅಭ್ಯರ್ಥಿಗೆ ‘ಸ್ಥಾನಾರ್ಥಿ’ ಎನ್ನುತ್ತಾರೆ. ಪಕ್ಷವಿಲ್ಲದೆ ನಿಲ್ಲುವವನು ‘ಸ್ವತಂತ್ರ ಸ್ಥಾನಾರ್ಥಿ’. ಚುನಾವಣೆಯ ಸಮಯದಲ್ಲಿ ಅಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತಿದೆ? ಬರೇ ‘ಸ್ವತಂತ್ರ’ ಎಂದರೆ ಸಾಕು. ಕೈಮುಗಿದ ಫೋಟೋ, ಪಕ್ಕದಲ್ಲೊಂದು ಚಿಹ್ನೆ, ಮೇಲೆ ‘ಸ್ವತಂತ್ರ’. ಸಂಜೆ ಐದಕ್ಕೆ ಅರುವತ್ತನ್ನೂ ಅಂಟಿಸಿ ಮುಗಿಸಿದೆವು. ಆರು ಗಂಟೆಗೆ ನಾನು ಏಳನೇ ವಾರ್ಡಿನ ಸ್ಥಾನಾರ್ಥಿಯಾಗಿದ್ದೆ.

ಇದು ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ರಿಕ್ಷಾ ಸ್ಟ್ಯಾಂಡಿನಲ್ಲಿ. ಡ್ರೈವರ್ ಗಂಗಾಧರ ರಿಕ್ಷಾದಿಂದ ಇಳಿದು ಬಂದು ನನ್ನ ಕೈ ಕುಲುಕಿದ. “ಇಷ್ಟು ವರ್ಷದಲ್ಲಿ ಸತ್ಯ ಹೇಳಿದವ ನೀನೊಬ್ಬನೇ ಮಾರಾಯ. ಯಾವ ಖಾತರಿಯೂ ಇಲ್ಲ, ನಷ್ಟಕ್ಕೆ ಹೊಣೆಯೂ ಅಲ್ಲ. ಉಳಿದವರೂ ಮಾಡುವುದು ಅದನ್ನೇ, ಆದರೆ ಬರೆದು ಕೊಡುವುದಿಲ್ಲ.” ಆಮೇಲೆ ಸ್ವರ ತಗ್ಗಿಸಿ ಕೇಳಿದ: “ಆ ಚಿಹ್ನೆ ಎಂತದು? ಹಮೀದಿಚ್ಚ ನೀರುಕಾಗೆ ಅಂತ ಹೇಳಿದರು. ಶಿರಿಯ ಹೊಳೆಯಲ್ಲಿ ಬೇಕಾದಷ್ಟು ಉಂಟಂತೆ.”

ನಾನು ಅಲ್ಲಿಯೇ ನಿಂತು, ಇದು ನೀರುಕಾಗೆಯಲ್ಲ ಪೆಂಗ್ವಿನ್, ನಾನು ನಿಂತಿಲ್ಲ, ಇದು ತಂತ್ರಾಂಶ ಎಂದು ಇಪ್ಪತ್ತು ನಿಮಿಷ ವಿವರಿಸಿದೆ. ಗಂಗಾಧರ ತಾಳ್ಮೆಯಿಂದ ಕೇಳಿ, “ಒಳ್ಳೆ ಮಾತಾಡ್ತಿ. ಗೆಲ್ತಿ” ಎಂದ.

ಭಾನುವಾರ ಶಿಬಿರಕ್ಕೆ ನಲವತ್ತೊಂದು ಮಂದಿ ಬಂದರು. ನನ್ನ ಪಟ್ಟಿಯ ಪ್ರಕಾರ ರಸ್ತೆಯ ಹೊಂಡದ ಬಗ್ಗೆ ಹೇಳಲು ಬಂದವರು ಹದಿನಾಲ್ಕು, ದಾರಿದೀಪಕ್ಕೆ ಒಂಬತ್ತು, ಪಿಂಚಣಿಯ ಅರ್ಜಿ ತುಂಬಿಸಲು ಏಳು, ಚಹಾಕ್ಕೆ ಹತ್ತು, ಕಂಪ್ಯೂಟರಿಗಾಗಿ ಒಬ್ಬ. ಆ ಒಬ್ಬನಿಗೂ ಬೇಕಾದದ್ದು ಮೊಬೈಲಿಗೆ ಹಾಡು ತುಂಬಿಸುವುದು. ಇಷ್ಟಾದರೂ ನನಗೆ ನಗುವೇ ಬರುತ್ತಿತ್ತು. ನಗು ನಿಂತದ್ದು ಸಂಜೆ ಮನೆಗೆ ಹೋಗಿ ಜಗಲಿಯಲ್ಲಿ ಸಂಕಪ್ಪ ಮಾವ ಕುಳಿತಿದ್ದುದನ್ನು ಕಂಡಾಗ.

ಸಂಕಪ್ಪ ಮಾವ ನನ್ನ ಅಮ್ಮನ ಅಣ್ಣ. ನಮ್ಮ ವಾರ್ಡಿನಲ್ಲಿ ಪಕ್ಷದ ಸೀಟಿಗಾಗಿ ಹತ್ತು ವರ್ಷದಿಂದ ಕಾಯುತ್ತಿದ್ದವರು. ಒಮ್ಮೆ ಸೀಟು ಬೇರೆಯವರಿಗೆ ಹೋಯಿತು, ಇನ್ನೊಮ್ಮೆ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಅಷ್ಟೂ ವರ್ಷ ಅವರು ಊರಿನ ಒಂದು ಮದುವೆಯಲ್ಲೂ ಬಡಿಸದೆ ಬಂದವರಲ್ಲ. ಹಿಂದೂಗಳ ಬೊಜ್ಜವಿರಲಿ ಮುಸ್ಲಿಮರ ಮಯ್ಯತ್ತಿರಲಿ, ಸಾವಿನ ಮನೆಗೆ ಮೊದಲು ತಲುಪುವವರು ಅವರು. ಈ ಸಲ ಸೀಟು ಅವರಿಗೇ ಎಂದು ಪಕ್ಷದಲ್ಲಿ ಮಾತಾಗಿತ್ತು. ಶುಕ್ರವಾರದ ಸಭೆಯಲ್ಲಿ ಹೆಸರು ಬರೆಯುವುದಷ್ಟೇ ಬಾಕಿ. ಬಿಳಿ ಅಂಗಿ ನಾಲ್ಕು ಹೊಲಿಸಿದ್ದರು.

“ನಾನು ನಿನಗೆ ಎಂತ ಅನ್ಯಾಯ ಮಾಡಿದ್ದೇನೆ ಹೇಳು” ಎಂದರು ಮಾವ. ಬೈದಿದ್ದರೆ ಒಳ್ಳೆಯದಿತ್ತು. “ನಿಲ್ಲಬೇಕು ಅಂತ ಇದ್ದರೆ ಒಂದು ಮಾತು ಹೇಳಬಹುದಿತ್ತಲ್ಲ. ಮನೆಯ ಹುಡುಗನೇ ವಿಮತ ಆದರೆ ನನಗೆ ಸೀಟು ಯಾರು ಕೊಡ್ತಾರೆ?”

ವಿಮತ ಎಂದರೆ ಪಕ್ಷದೊಳಗಿನಿಂದ ಸಿಡಿದು ಎದುರು ನಿಲ್ಲುವವನು. ಅಳಿಯನನ್ನು ಹಿಡಿತದಲ್ಲಿಡಲಾಗದವನು ವಾರ್ಡನ್ನು ಹೇಗೆ ಹಿಡಿಯುತ್ತಾನೆ ಎಂದು ಪಕ್ಷದಲ್ಲಿ ಆಗಲೇ ಮಾತು ಶುರುವಾಗಿತ್ತಂತೆ. ನಾನು ಮರುದಿನವೇ ಪೋಸ್ಟರ್ ಕೀಳಲು ಹೋದೆ. ಹಮೀದಿಚ್ಚನ ಗೋಂದು ಗಲ್ಫಿನ ಮಟ್ಟದ್ದು. ಮೂರು ದಿನದಲ್ಲಿ ಹತ್ತೊಂಬತ್ತು ಮಾತ್ರ ಎದ್ದವು, ಅವೂ ಮೇಲಿನ ಅರ್ಧ. ಕೆಳಗೆ ‘ನಾವು ಹೊಣೆಯಲ್ಲ’ ಎಂಬುದು ಉಳಿಯಿತು. ಸ್ವತಂತ್ರ ಹೆದರಿ ಹಿಂದೆ ಸರಿದ ಎಂದು ಕೆಲವರು, ಅವನ ಪೋಸ್ಟರನ್ನು ಮಾವನೇ ಹರಿದು ಹಾಕಿಸಿದ ಎಂದು ಕೆಲವರು. ನನ್ನ ಜನಪ್ರಿಯತೆ ಹೆಚ್ಚುತ್ತಲೇ ಹೋಯಿತು.

ಹಾಗೆ ಶುಕ್ರವಾರ, ಇಪ್ಪತ್ತನಾಲ್ಕನೇ ತಾರೀಕು, ನಾನು ನಿಂತಿಲ್ಲವೆಂದು ನನ್ನ ಬಾಯಿಯಿಂದಲೇ ಹೇಳಿಸಲು ಮಾವ ನನ್ನನ್ನು ಪಕ್ಷದ ಕಚೇರಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಹೇಳಿಕೊಟ್ಟದ್ದು ಒಂದೇ ಮಾತು: “ಕೇಳಿದ್ದಕ್ಕೆ ಹೌದು, ಅಲ್ಲ. ಮತ್ತೆ ಬಾಯಿ ತೆರೆಯಬೇಡ.” ಕಚೇರಿಯಲ್ಲಿ ಒಂಬತ್ತು ಮಂದಿ. ಮೇಜಿನ ಹಿಂದೆ ಕಾರ್ಯದರ್ಶಿ ದಾಮೋದರನ್ ಮಾಷ್. ನಿವೃತ್ತ ಮಲಯಾಳಂ ಅಧ್ಯಾಪಕರು, ಕನ್ನಡ ಚೆನ್ನಾಗಿ ಬರುತ್ತದೆ, ಓದಿ ಕಲಿತದ್ದಲ್ಲ, ಪೇಟೆಯಲ್ಲಿ ಕಲಿತದ್ದು. ಮುಂದೆ ನಡಾವಳಿ ಪುಸ್ತಕ ತೆರೆದಿತ್ತು.

“ಮೋನೇ, ನೀನು ಸ್ವತಂತ್ರನಾ ಅಲ್ಲವಾ?” ಎಂದರು ಮಾಷ್. ಮೋನೇ ಎಂದರೆ ಮಲಯಾಳದಲ್ಲಿ ಮಗನೇ.

“ಅಲ್ಲ” ಎಂದೆ. ಮಾವ ಉಸಿರು ಬಿಟ್ಟರು.

“ಮತ್ತೆ ಪೋಸ್ಟರ್?”

“ಅದು ತಂತ್ರಾಂಶ. ಕಂಪ್ಯೂಟರಿನದ್ದು.”

“ಓ, ಧರ್ಮಕ್ಕೆ ಕೊಡುವುದು” ಎಂದರು ಮಾಷ್, ಪೆನ್ನು ಎತ್ತುತ್ತಾ. ನಮ್ಮ ಕಡೆ ಪುಕ್ಕಟೆಗೆ ಹಾಗೆ ಹೇಳುವುದು. “ಧರ್ಮಕ್ಕೆ ಸಿಗುವ ಕಂಪ್ಯೂಟರ್ ಸಾಮಾನು. ಅಷ್ಟೇ ಅಲ್ವಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಮಾವ ಮೇಜಿನ ಕೆಳಗೆ ನನ್ನ ಕಾಲು ಮೆಟ್ಟಿದರು. ಆದರೆ ನೂರ ನಲವತ್ತಮೂರು ಪತ್ರ ಬರೆದ ಕೈ ನನ್ನದು. “ಅಲ್ಲ ಮಾಷೇ” ಎಂದೆ. “ಧರ್ಮಕ್ಕೆ ಬೇರೆ, ಸ್ವತಂತ್ರ ಬೇರೆ. ಇಲ್ಲಿ ಮುಖ್ಯ ಹಕ್ಕು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ತೆಗೆದುಕೊಂಡು, ತಿದ್ದಿ, ಬೇಕಾದರೆ ಬೇರೆ ಹೆಸರಿನಲ್ಲಿ ಹೊರಗೆ ತರಬಹುದು.”

“ಯಾರನ್ನೂ ಕೇಳದೆ?”

“ಕೇಳಬೇಕಾಗಿಲ್ಲ.”

“ಇದಕ್ಕೇ ನಾವು ವಿಮತ ಹೇಳುವುದು” ಎಂದರು ಮಾಷ್, ಸುತ್ತಲಿನವರನ್ನು ನೋಡಿ.

“ಅಲ್ಲ, ವಿಮತನಿಗೆ ಪರವಾನಗಿ ಇಲ್ಲ. ಇದಕ್ಕೆ ಉಂಟು. ಅದರ ಎರಡನೇ ಕಲಮಿನಲ್ಲಿ…”

ಆಮೇಲೆ ನಡೆದದ್ದು ನನ್ನ ಡೈರಿಯಲ್ಲಿ ಹನ್ನೊಂದು ಪುಟವಿದೆ. ಒಂದು ಗಂಟೆ ಐವತ್ತು ನಿಮಿಷ. ಎರಡನೇ ಕಲಮು, ಮೂರನೇ ಕಲಮು, ಖಾತರಿ ಇಲ್ಲದಿರುವಿಕೆ, ಮೊಣಕೈಯ ಸಮ್ಮತಿ. ಒಂಬತ್ತು ಮಂದಿಯೂ ಒಬ್ಬೊಬ್ಬರಾಗಿ ನನ್ನ ಪರವಾಗಿ ಒಂದೊಂದು ಮಾತು ಹೇಳಿ ವಿಷಯ ಮುಗಿಸಲು ನೋಡಿದರು. ಒಂಬತ್ತು ಮಂದಿಯನ್ನೂ ನಾನು ತಿದ್ದಿದೆ. “ಹುಡುಗ ಒಳ್ಳೆಯವ, ಊರಿಗೆ ಉಪಕಾರ ಮಾಡಲು ಹೊರಟದ್ದು” ಎಂದ ಪಾಪದ ಖಜಾಂಚಿಯನ್ನೂ ಬಿಡಲಿಲ್ಲ. ಉಪಕಾರವೆಂಬ ಭಾವನೆಯೇ ತಪ್ಪು, ಇದು ಹಕ್ಕು ಎಂದೆ. ಮಾವ ಕಾಲು ಮೆಟ್ಟುವುದನ್ನು ಬಿಟ್ಟು ಕಣ್ಣು ಮುಚ್ಚಿ ಕುಳಿತಿದ್ದರು. ಹತ್ತು ವರ್ಷದ ಕಾಯುವಿಕೆ ನನ್ನ ಬಾಯಿಯಿಂದ ಹೊರಟುಹೋಗುತ್ತಿದೆ ಎಂದು ನನಗೂ ಕಾಣುತ್ತಿತ್ತು. ಕಾಣುತ್ತಾ ಕಾಣುತ್ತಾ ಆರನೇ ಕಲಮಿಗೆ ಬಂದಿದ್ದೆ.

ದಾಮೋದರನ್ ಮಾಷ್ ಕೈ ಎತ್ತಿದರು. ಕನ್ನಡಕ ತೆಗೆದು ಒರೆಸಿದರು.

“ಸಾಕು ಮೋನೇ. ನನಗೆ ಖಾತ್ರಿಯಾಯಿತು. ನಾನು ಐದು ಚುನಾವಣೆ ನೋಡಿದ್ದೇನೆ. ವೋಟು ಬೇಕಾದ ಮನುಷ್ಯ, ಎದುರಿನವ ಸೂರ್ಯ ಪಡುವಣದಲ್ಲಿ ಹುಟ್ಟುವುದು ಅಂತ ಹೇಳಿದರೂ ಹೌದಲ್ವಾ ಅಂತ ತಲೆಯಾಡಿಸುತ್ತಾನೆ. ನೀನು ಎರಡು ಗಂಟೆಯಲ್ಲಿ ನಿನ್ನ ಪರ ಮಾತಾಡಿದ ಒಬ್ಬನನ್ನೂ ಉಳಿಸಿಕೊಳ್ಳಲಿಲ್ಲ. ನೀನು ಸ್ಥಾನಾರ್ಥಿ ಆಗಲು ಸಾಧ್ಯವೇ ಇಲ್ಲ.” ಉಳಿದವರೆಲ್ಲ ಹೌದೆಂದರು. ಅಷ್ಟು ಒಗ್ಗಟ್ಟನ್ನು ಆ ಕಚೇರಿ ಎಂದೂ ಕಂಡಿರಲಿಲ್ಲವೆಂದು ಖಜಾಂಚಿ ಆಮೇಲೆ ಹೇಳಿದರಂತೆ. ಏಳನೇ ವಾರ್ಡಿಗೆ ಸಂಕಪ್ಪ ಎಂದು ಎರಡೇ ನಿಮಿಷದಲ್ಲಿ ಬರೆದಾಯಿತು.

ಅದರ ಕೆಳಗೆ ನನ್ನ ಬಗ್ಗೆಯೂ ಒಂದು ಸಾಲು ಬೇಕೆಂದು ಮಾಷ್ ಕನ್ನಡದಲ್ಲೇ ಗಟ್ಟಿಯಾಗಿ ಓದುತ್ತಾ ಬರೆದರು: “ಸಂಕಪ್ಪನವರ ಅಳಿಯನು ಚುನಾವಣೆಗೆ ಅಯೋಗ್ಯನೆಂದು ಸಭೆಗೆ ಮನವರಿಕೆಯಾಯಿತು.”

ನಾನು ಎದ್ದು ನಿಂತೆ. “ಮಾಷೇ, ಆ ಶಬ್ದ ತಪ್ಪು. ಮಲಯಾಳದಲ್ಲಿ ಅಯೋಗ್ಯ ಅಂದರೆ ಅರ್ಹತೆ ಇಲ್ಲದವ. ಕನ್ನಡದಲ್ಲಿ ಅದು ಬೈಗುಳ. ಅನರ್ಹ ಅಂತ ಬರೆಯಬೇಕು.”

ಮಾಷ್ ಪೆನ್ನು ಹಿಡಿದು ಅನುಮಾನದಿಂದ ಮಾವನ ಕಡೆ ನೋಡಿದರು. ಅಷ್ಟು ಹೊತ್ತು ಮುಚ್ಚಿದ್ದ ಕಣ್ಣನ್ನು ಸಂಕಪ್ಪ ಮಾವ ಆಗ ತೆರೆದರು.

“ತಿದ್ದುವುದು ಬೇಡ ಮಾಷೇ, ಅಯೋಗ್ಯ ಅಂತಲೇ ಇರಲಿ” ಎಂದರು. “ಎರಡು ಭಾಷೆಯಲ್ಲೂ ಸರಿ ಉಂಟು.”